ಸಹಿ ಹಾಕಿದ ಕೈ

ಕನ್ನಡ ಶಾಲೆಯಲ್ಲಿ ಓದಿದ ನಮ್ಮಲ್ಲಿ ಹೆಚ್ಚಿನವರಿಗೆ ಸತ್ಯದ ಮೊದಲ ಪಾಠ ಹೇಳಿದ್ದು ಪುಣ್ಯಕೋಟಿ. ಕೊಟ್ಟ ಮಾತಿಗೆ ಕಟ್ಟುಬಿದ್ದು ಹುಲಿಯ ಬಳಿಗೆ ಹಿಂತಿರುಗಿದ ಆ ಹಸುವಿಗಾಗಿ ನಾನೂ ಕಣ್ಣೀರಿಟ್ಟವನೇ. ಜೊತೆಗೆ ಯಾರಿಗೂ ಹೇಳಿಕೊಳ್ಳಲಾಗದ ಒಂದು ಅಳುಕೂ ಇತ್ತು. ಅವಳ ಜಾಗದಲ್ಲಿ ನಾನಿದ್ದಿದ್ದರೆ ಕರುವಿನ ಪಕ್ಕದಲ್ಲೇ ಉಳಿದುಬಿಡುತ್ತಿದ್ದೆ. ಹಾಗೆ ಒಮ್ಮೆ ಉಳಿದುಬಿಟ್ಟವರಿಗೆ ಸತ್ಯದ ಕಡೆಗೆ ಮತ್ತೆ ದಾರಿ ಇದೆಯೇ? ಈ ಪ್ರಶ್ನೆ ಕಾಡಿದಾಗಲೆಲ್ಲ ನನಗೆ ನೆನಪಾಗುವವನು ಇಂಗ್ಲೆಂಡಿನ ಥಾಮಸ್ ಕ್ರ್ಯಾನ್ಮರ್.

1489ರಲ್ಲಿ ಹುಟ್ಟಿದ ಕ್ರ್ಯಾನ್ಮರ್, ಕೇಂಬ್ರಿಡ್ಜಿನಲ್ಲಿ ಓದಿ ಅಲ್ಲೇ ಪಾಠ ಹೇಳಿಕೊಂಡಿದ್ದ ಪುಸ್ತಕದ ಮನುಷ್ಯ. ದೊರೆ ಎಂಟನೆಯ ಹೆನ್ರಿಗೆ ರಾಣಿ ಕ್ಯಾಥರೀನಳೊಂದಿಗಿನ ತನ್ನ ಮದುವೆಯನ್ನು ಅಸಿಂಧುಗೊಳಿಸಬೇಕಿತ್ತು. ರೋಮಿನ ಪೋಪ್ ಒಪ್ಪಲಿಲ್ಲ. ದೊರೆಯ ಪರವಾಗಿ ವಾದ ಕಟ್ಟಿಕೊಟ್ಟ ಕ್ರ್ಯಾನ್ಮರ್ 1533ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆದ. ಪದವಿ ಏರುವಾಗ ಪೋಪನಿಗೆ ನಿಷ್ಠೆಯ ಪ್ರಮಾಣ ಮಾಡುವುದು ವಾಡಿಕೆ. ಕ್ರ್ಯಾನ್ಮರ್ ಪ್ರಮಾಣವನ್ನೇನೋ ಮಾಡಿದ. ಆದರೆ ಅದಕ್ಕೂ ಮುಂಚೆ, ಈ ಮಾತು ದೇವರ ಕಟ್ಟಳೆಗೂ ದೊರೆಯ ಹಕ್ಕಿಗೂ ವಿರುದ್ಧವಾಗಿ ತನ್ನನ್ನು ಕಟ್ಟಿಹಾಕುವಂಥದ್ದಲ್ಲ ಎಂದು ಸಾಕ್ಷಿಗಳ ಮುಂದೆ ಹೇಳಿಕೊಂಡ. ಆಣೆ ಪ್ರಮಾಣಗಳ ಹಂಗೇ ಇಲ್ಲದ ನೇರ ಮಾತನ್ನು ಬೋಧಿಸಿದ ಯೇಸುವಿನ ಹೆಸರಿನಲ್ಲಿ ಆ ಪ್ರಮಾಣ ಹೀಗೆ ನಡೆಯಿತು. ಆಮೇಲೆ ಕ್ಯಾಥರೀನಳ ಮದುವೆ ಊರ್ಜಿತವಲ್ಲ ಎಂದು ತೀರ್ಪು ಕೊಟ್ಟ. 1536ರಲ್ಲಿ ಆನ್ ಬೊಲಿನಳ ತಲೆ ಕಡಿಯುವ ಎರಡು ದಿನ ಮೊದಲು ಅವಳ ಮದುವೆಗೂ ಅದೇ ತೀರ್ಪು. ಪಾದ್ರಿಗಳಿಗೆ ಮದುವೆ ನಿಷಿದ್ಧವಾಗಿದ್ದ ಆ ಕಾಲದಲ್ಲಿ, ಜರ್ಮನಿಯಲ್ಲಿ ಕೈಹಿಡಿದ ಹೆಂಡತಿಯನ್ನು ವರ್ಷಗಟ್ಟಲೆ ಮರೆಯಲ್ಲಿಟ್ಟ.

ಇದೇ ಹೊತ್ತಿನಲ್ಲಿ ಥಾಮಸ್ ಮೋರ್ ದೊರೆ ಕೇಳಿದ ಪ್ರಮಾಣವನ್ನು ಮಾಡಲು ಒಪ್ಪದೆ 1535ರಲ್ಲಿ ತಲೆ ಕೊಟ್ಟ. 1534ರಲ್ಲಿ ಮೋರ್‌ನನ್ನು ಕರೆಸಿ ಪ್ರಮಾಣ ಕೇಳಿದವರಲ್ಲಿ ಕ್ರ್ಯಾನ್ಮರ್ ಕೂಡ ಇದ್ದ. ಮೋರ್ ಕ್ಯಾಥೊಲಿಕ್, ಕ್ರ್ಯಾನ್ಮರ್ ಸುಧಾರಣೆಯ ಪರ. ಸತ್ಯಕ್ಕೆ ನಿಲ್ಲುವ ಗುಣ ಒಂದೇ ಪಂಥದ ಸ್ವತ್ತಲ್ಲ ಎನ್ನುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ.

ಹಾಗೆಂದು ಕ್ರ್ಯಾನ್ಮರ್‌ನನ್ನು ಬರೀ ಅವಕಾಶವಾದಿ ಎಂದು ತಳ್ಳಿಹಾಕಲಾಗದು. ಜನ ತಮಗೆ ತಿಳಿಯುವ ಮಾತಿನಲ್ಲಿ ದೇವರೊಂದಿಗೆ ಮಾತಾಡಬೇಕೆಂಬುದು ಆತನ ನಿಜವಾದ ನಂಬಿಕೆ. 1549ರಲ್ಲಿ ಆತನ ಮುಂದಾಳುತನದಲ್ಲಿ ಇಂಗ್ಲಿಷಿನ ಸಾಮಾನ್ಯ ಪ್ರಾರ್ಥನಾ ಪುಸ್ತಕ ಹೊರಬಂತು. ಆದರೆ ಆತನ ಕಾಲದ ಕ್ರೌರ್ಯದಲ್ಲಿ ಆತನಿಗೂ ಪಾಲಿತ್ತು. 1550ರಲ್ಲಿ ಧರ್ಮದ್ರೋಹದ ಆರೋಪದ ಮೇಲೆ ಸುಡಲಾದ ಜೋನ್ ಬೋಚರ್ ಎಂಬ ಹೆಂಗಸಿನ ವಿಚಾರಣೆ ನಡೆಸಿದವರಲ್ಲಿ ಈತನೂ ಒಬ್ಬ.

1553ರಲ್ಲಿ ಗಾಳಿ ತಿರುಗಿತು. ಪಟ್ಟಕ್ಕೆ ಬಂದ ಮೇರಿ ಕಟ್ಟಾ ಕ್ಯಾಥೊಲಿಕ್. ಕ್ರ್ಯಾನ್ಮರ್ ಯಾರ ಮದುವೆಯನ್ನು ಅಸಿಂಧು ಎಂದಿದ್ದನೋ ಆ ಕ್ಯಾಥರೀನಳ ಮಗಳು. ಅವಳ ಆಳ್ವಿಕೆಯಲ್ಲಿ ಸುಮಾರು 280 ಮಂದಿಯನ್ನು ಜೀವಂತ ಸುಡಲಾಯಿತು. ಆಕ್ಸ್‌ಫರ್ಡಿನ ಸೆರೆಮನೆಯಲ್ಲಿದ್ದ ಕ್ರ್ಯಾನ್ಮರ್, 1555ರ ಅಕ್ಟೋಬರ್ 16ರಂದು ತನ್ನ ಒಡನಾಡಿಗಳಾದ ರಿಡ್ಲಿ ಮತ್ತು ಲ್ಯಾಟಿಮರ್ ಬೆಂಕಿಯಲ್ಲಿ ಬೇಯುವುದನ್ನು ಕಂಡ. ಅದಾಗಿ ಕೆಲವೇ ತಿಂಗಳಲ್ಲಿ ಆತನ ಧೈರ್ಯ ಕುಸಿಯಿತು. ಒಂದಾದ ಮೇಲೊಂದರಂತೆ ಆರು ಪತ್ರಗಳಿಗೆ ಸಹಿ ಹಾಕಿದ. ಪೋಪನೇ ಧರ್ಮಸಭೆಯ ಒಡೆಯನೆಂದು ಒಪ್ಪಿಕೊಂಡ. ತಾನು ಕಲಿಸಿದ್ದೆಲ್ಲ ತಪ್ಪೆಂದ. ಪಶ್ಚಾತ್ತಾಪಪಟ್ಟವನ ಜೀವ ಉಳಿಸುವುದು ರೂಢಿಯಾಗಿತ್ತು. ರಾಣಿ ಮಾತ್ರ ಮನಸ್ಸು ಬದಲಿಸಲಿಲ್ಲ.

1556ರ ಮಾರ್ಚ್ 21. ಮಳೆಯಿದ್ದುದರಿಂದ ಪ್ರವಚನವನ್ನು ಸೇಂಟ್ ಮೇರಿ ಚರ್ಚಿನ ಒಳಗೇ ಇಟ್ಟುಕೊಂಡರು. ಕ್ರ್ಯಾನ್ಮರ್‌ಗೆ ಆಗ 66 ವರ್ಷ. ನೆರೆದ ಜನರ ಮುಂದೆ ಆತ ತನ್ನ ತಪ್ಪೊಪ್ಪಿಗೆಯನ್ನು ಓದಬೇಕಿತ್ತು. ಓದತೊಡಗಿದ. ಕೊನೆಗೆ ಬಂದಾಗ, ಮೊದಲೇ ಗೊತ್ತುಮಾಡಿದ್ದ ಮಾತು ಬಿಟ್ಟು ಬೇರೆಯದನ್ನೇ ಹೇಳಿದ. ಆ ಪತ್ರಗಳನ್ನು ಬರೆದದ್ದು ಸಾವಿನ ಭಯದಿಂದ. ಮನಸ್ಸು ನಂಬದ್ದನ್ನು ಕೈ ಬರೆಯಿತು. ಆದ್ದರಿಂದ ಮೊದಲು ಸುಡಬೇಕಾದದ್ದು ಆ ಕೈ. ಜನ ದಂಗಾದರು. ಆತನನ್ನು ವೇದಿಕೆಯಿಂದ ಎಳೆದು ಸುಡುವ ಕಂಬದ ಬಳಿಗೆ ಕರೆದೊಯ್ದರು. ಉರಿ ಏರುತ್ತಿದ್ದಂತೆ ಕ್ರ್ಯಾನ್ಮರ್ ಬಲಗೈಯನ್ನು ಅದರೊಳಕ್ಕೆ ಚಾಚಿ ಹಿಡಿದ. ಇದನ್ನು ಬರೆದಿಟ್ಟವರಲ್ಲಿ ಆತನ ನಂಬಿಕೆಯನ್ನು ಒಪ್ಪದ ಒಬ್ಬ ಕ್ಯಾಥೊಲಿಕನೂ ಇದ್ದಾನೆ. ಆತನ ಪಕ್ಷ ತಪ್ಪೆಂದು ಹೇಳುತ್ತಲೇ, ಆ ಧೈರ್ಯ ಒಳ್ಳೆಯ ಪಕ್ಷಕ್ಕೆ ಸಲ್ಲಬೇಕಿತ್ತಲ್ಲ ಎಂದು ಆ ಪ್ರತ್ಯಕ್ಷದರ್ಶಿ ಮರುಗುತ್ತಾನೆ.

ಸಾವು ಖಚಿತವಾದ ಮೇಲೆ ಸತ್ಯ ಹೇಳುವುದರಲ್ಲಿ ಏನು ದೊಡ್ಡಸ್ತಿಕೆ ಎಂದು ಕೇಳಬಹುದು. ನಾನೂ ಹಾಗೆ ಯೋಚಿಸಿದ್ದುಂಟು. ಓದಿದರೂ ಸಾವು, ಓದದಿದ್ದರೂ ಸಾವು. ಜೀವ ಉಳಿಸುವ ಲೆಕ್ಕ ಅಲ್ಲಿಗೆ ಮುಗಿದಿತ್ತು. ಉಳಿದಿದ್ದುದು ಇನ್ನೊಂದು ಲೆಕ್ಕ. ಸುಳ್ಳು ಹೇಳಿದವನು ಸತ್ತರೂ ಆ ಸುಳ್ಳು ಸಾಯುವುದಿಲ್ಲ. ಆತನ ಸಹಿಯನ್ನು ನೋಡಿ ಎಷ್ಟು ಜನ ತಮ್ಮ ಮನಸ್ಸಾಕ್ಷಿಯನ್ನು ಅದುಮಿಕೊಳ್ಳುತ್ತಿದ್ದರೋ! ಅವರಿಗಾಗಿ ಆ ಸಹಿಯನ್ನು ಅಳಿಸಬೇಕಿತ್ತು. ಅಳಿಸಲು ಇದ್ದದ್ದು ಒಂದೇ ದಾರಿ: ತಾನು ಹೆದರಿದ್ದೆ ಎಂದು ಎಲ್ಲರೆದುರು ಒಪ್ಪಿಕೊಳ್ಳುವುದು. ಸಿದ್ಧಾಂತಕ್ಕಾಗಿ ಸಾಯುವುದಕ್ಕಿಂತ ಇದು ಕಷ್ಟದ್ದು ಎಂದು ನನಗನ್ನಿಸುತ್ತದೆ. ಸಿದ್ಧಾಂತಕ್ಕಾಗಿ ಸತ್ತವನು ಹುತಾತ್ಮನೆನಿಸುತ್ತಾನೆ. ಹೆದರಿದೆನೆಂದು ಒಪ್ಪಿಕೊಂಡವನು ಮೊದಲು ಹೇಡಿಯೆನಿಸಿಕೊಳ್ಳಬೇಕು.

ಕ್ರೈಸ್ತ ಪರಂಪರೆಗೆ ಇದು ಹೊಸದಲ್ಲ. ಯೇಸುವನ್ನು ಹಿಡಿದ ರಾತ್ರಿ, ಅಂಗಳದಲ್ಲಿ ಚಳಿ ಕಾಯಿಸಿಕೊಳ್ಳುತ್ತಿದ್ದ ಶಿಷ್ಯ ಪೇತ್ರ, ಆ ಮನುಷ್ಯನನ್ನು ತಾನು ಅರಿಯೆನೆಂದು ಮೂರು ಸಲ ಹೇಳಿದ. ಮುಂದೆ ಅದೇ ಪೇತ್ರ ಧರ್ಮಸಭೆಯ ಹಿರಿಯನಾದ. ಅನುಯಾಯಿಗಳು ತಮ್ಮ ನಾಯಕನ ಆ ಸುಳ್ಳನ್ನು ಸುಲಭವಾಗಿ ಮುಚ್ಚಿಹಾಕಬಹುದಿತ್ತು. ಆದರೂ ನಾಲ್ಕು ಸುವಾರ್ತೆಗಳಲ್ಲೂ ಆ ಪ್ರಸಂಗ ಇದೆ. ಕ್ರೈಸ್ತ ಬದುಕಿನ ಪ್ರಾಮಾಣಿಕತೆ ನನಗೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ಆ ಪುಟಗಳಲ್ಲಿ.

ಪುಣ್ಯಕೋಟಿಯ ಎದುರು ನಾನು ಇಂದಿಗೂ ತಲೆಬಾಗುತ್ತೇನೆ. ಅವಳು ಒಮ್ಮೆಯೂ ತಡವರಿಸಲಿಲ್ಲ. ಆದರೆ ತಡವರಿಸಿ, ಬಚ್ಚಿಟ್ಟುಕೊಂಡು, ಸಹಿ ಹಾಕಿ ಬದುಕುವವರೇ ನಮ್ಮಲ್ಲಿ ಹೆಚ್ಚು. ನಮ್ಮಂಥವರಿಗೆ ತೀರಾ ತಡವಾಗಿಯಾದರೂ ಹಿಂತಿರುಗಿ ಬಂದ ಆ ಮುದುಕನ ಬಲಗೈ ಹತ್ತಿರದ್ದು.