ದೂರು, ಚೂರು ಎರಡೂ ಒಂದೇ ಆದದ್ದು

ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವಿಲ್ಲ. ಹಾಗಿರುವಾಗ ಆ ಭೇದವನ್ನು ಗಮನಿಸಿ ಪದಗಳನ್ನು ಹೋಲಿಸುವ ‘ಎಕ್ಸಾಕ್ಟ್’ ಫಂಕ್ಷನ್‌ನಿಂದ ನಮಗೇನು ಕೆಲಸ ಎಂದು ನೀವು ಕೇಳಬಹುದು. ಒಂದು ಪ್ರಯೋಗ ಮಾಡಿ ನೋಡಿ. ನುಡಿಯ ಹಳೆಯ ಅಕ್ಷರಶೈಲಿಯನ್ನು ಬಳಸಿ ಎಕ್ಸೆಲ್ ಹಾಳೆಯ ಒಂದು ಕೋಶದಲ್ಲಿ ‘ದೂರು’ ಎಂದೂ ಪಕ್ಕದ ಕೋಶದಲ್ಲಿ ‘ಚೂರು’ ಎಂದೂ ಬರೆಯಿರಿ. ಇವೆರಡೂ ಸಮವೇ ಎಂದು ಸಮಚಿಹ್ನೆಯ ಸೂತ್ರದಿಂದ ಕೇಳಿರಿ. ‘ಟ್ರೂ’, ಅಂದರೆ ಹೌದು ಎಂಬ ಉತ್ತರ ಬರುತ್ತದೆ!

ಇದರ ಮೂಲ ಅಮೆರಿಕದ ಆಸ್ಕಿ ಸಂಕೇತದಲ್ಲಿದೆ. 1963ರ ಮೊದಲ ಆಸ್ಕಿಯಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳೇ ಇರಲಿಲ್ಲ. 1967ರ ಆವೃತ್ತಿಯಲ್ಲಿ ಅವು ಇದ್ದವು. ದೊಡ್ಡ ಝಡ್‌ಗೆ 90, ಸಣ್ಣ ಝಡ್‌ಗೆ 122. ಯಾವ ಅಕ್ಷರವನ್ನು ತೆಗೆದುಕೊಂಡರೂ ವ್ಯತ್ಯಾಸ 32. ಇಂಗ್ಲಿಷ್ ಬಳಕೆದಾರರ ಅನುಕೂಲಕ್ಕಾಗಿ ಎಕ್ಸೆಲ್‌ನ ಸಮಚಿಹ್ನೆ ಈ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇನ್ನು ನಮ್ಮ ಕಡೆಗೆ ಬರೋಣ. ಕನ್ನಡ ಗಣಕ ಪರಿಷತ್ತು ನುಡಿಯನ್ನು ರೂಪಿಸಿದ ಕಾಲದಲ್ಲಿ ಬಹುತೇಕ ಗಣಕಗಳಿಗೆ ಕನ್ನಡ ಗೊತ್ತಿರಲಿಲ್ಲ. ವಿಂಡೋಸ್‌ಗೆ ಕನ್ನಡ ಬಂದದ್ದೇ 2001ರ ಎಕ್ಸ್‌ಪಿ ಆವೃತ್ತಿಯಲ್ಲಿ. ಆದ್ದರಿಂದ ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲೇ ಕನ್ನಡದ ತುಂಡುಗಳನ್ನು ಕೂರಿಸಲಾಯಿತು. ಸಣ್ಣ ಝಡ್ ಇದ್ದಲ್ಲಿ ‘ದ’, ದೊಡ್ಡ ಝಡ್ ಇದ್ದಲ್ಲಿ ‘ಚ’. ಕಣ್ಣಿಗೆ ಕಾಣುವುದು ಕನ್ನಡ; ಗಣಕ ಓದುವುದು ಇಂಗ್ಲಿಷ್. ಅಫಜಲಪುರ ತಾಲ್ಲೂಕಿನ ‘ಅತನೂರ’ವನ್ನೇ ತೆಗೆದುಕೊಳ್ಳಿ. ಅದರ ‘ಅ’ ದೊಡ್ಡ ಸಿ ಮನೆಯಲ್ಲಿದೆ, ‘ತ’ ಸಣ್ಣ ವಿ ಮನೆಯಲ್ಲಿ, ‘ರ’ ಸಣ್ಣ ಜಿ ಮನೆಯಲ್ಲಿ. ದೊಡ್ಡ ವಿ ಎಂದರೆ ‘ಗಿ’, ದೊಡ್ಡ ಜಿ ಎಂದರೆ ‘ಉ’! ಆಗಿನ ಇಕ್ಕಟ್ಟಿನಲ್ಲಿ ಇದು ಜಾಣ ಉಪಾಯವೇ, ತಪ್ಪೆಂದು ನಾನು ಹೇಳಲಾರೆ. ಆದರೆ ಸೂತ್ರಗಳಿಗೆ ಅದು ತಿಳಿಯದು.

ಪರಿಣಾಮ ಸಣ್ಣದಲ್ಲ. ವಿದ್ಯಾರ್ಥಿವೇತನದ ಅರ್ಜಿಯಲ್ಲಿರುವ ಹೆಸರನ್ನು ದಾಖಲಾತಿ ಪಟ್ಟಿಯಲ್ಲಿ ಹುಡುಕಲು ನೀವು ‘ವಿಲುಕಪ್’ ಬಳಸಿದಿರಿ ಎನ್ನಿ. ಅದಕ್ಕೂ ದೊಡ್ಡದು ಸಣ್ಣದರ ಭೇದವಿಲ್ಲ. ಮೊದಲು ಸಿಕ್ಕ ಸಾಲನ್ನು ತಂದುಕೊಡುತ್ತದೆ. ದಕಾರದ ಹೆಸರಿನ ಮಗುವಿನ ಎದುರು ಚಕಾರದ ಹೆಸರಿನ ಮಗುವಿನ ಅಂಕ ಬಂದು ಕೂತರೂ ಗಣಕ ದೋಷವೆಂದು ಕೂಗುವುದಿಲ್ಲ. ಎಕ್ಸಾಕ್ಟ್ ಬಳಸಿದರೆ ‘ದೂರು’, ‘ಚೂರು’ ಬೇರೆಯಾಗುತ್ತವೆ. ಹಳೆಯ ಕಡತ ಪರಿಶೀಲಿಸುವವರು ಇದನ್ನು ಮರೆಯಬಾರದು.

ಯೂನಿಕೋಡ್‌ನಲ್ಲಿ ‘ದ’, ‘ಚ’ಗಳಿಗೆ ಸ್ವಂತ ಮನೆಗಳಿವೆ, ಸಮಚಿಹ್ನೆಯೇ ಸಾಕು. ಅಲ್ಲಿನ ತೊಡಕು ಬೇರೆ: ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬಿಡಿ ತುಂಡುಗಳಾಗಿಯೂ ಇಡಲು ಸಾಧ್ಯ. ಕಣ್ಣಿಗೆ ಎರಡೂ ಒಂದೇ. ಸಂಕೇತಗಳನ್ನು ಒಂದೊಂದಾಗಿ ಹೋಲಿಸಿದರೆ ಬೇರೆ ಬೇರೆ. ಹೋಲಿಸುವ ಮೊದಲು ಅವನ್ನು ಒಂದೇ ರೂಪಕ್ಕೆ ತರಬೇಕು. ಇನ್ನು ಒಂದು ಪಟ್ಟಿಯಲ್ಲಿ ‘ಅತನೂರ’, ಇನ್ನೊಂದರಲ್ಲಿ ‘ಅತನೂರು’ ಎಂದಿದ್ದರೆ ಎಕ್ಸಾಕ್ಟ್ ‘ಅಲ್ಲ’ ಎಂದೇ ಹೇಳುತ್ತದೆ. ಅದು ಒಂದೇ ಊರು ಎಂದು ಸೂತ್ರಕ್ಕೆ ಹೇಳಿಕೊಡುವವರು ನೀವೇ.