ಕಣ್ಣೆದುರಿನದನ್ನು ಬಿಟ್ಟು

ಉರ್ದುವಿನಲ್ಲಿ ಸಫರ್ ಬೇರೆ, ಸೈರ್ ಬೇರೆ. ಮೆಣಸಿನಕಾಯಿ ಚೀಲ ಹೇರಿಕೊಂಡು ಬ್ಯಾಡಗಿ ಮಾರುಕಟ್ಟೆಗೆ ಬರುವ ರೈತನದು ಸಫರ್. ಬರೀ ನೋಡುವ ಆಸೆಗೆ ಹೊರಟರೆ ಅದು ಸೈರ್. ಈ ಎರಡನೆಯದು ರೈಲು, ಬಸ್ಸು ಬಂದ ಮೇಲಿನ ಚಟವೆಂದು ನಾವು ತಿಳಿದಿದ್ದೇವೆ. ಎರಡು ಸಾವಿರ ವರ್ಷಗಳ ಹಿಂದಿನ ರೋಮನ್ನರಿಗೆ ಅದು ಚೆನ್ನಾಗಿ ಹತ್ತಿತ್ತು.

ದಂಡಿಗಾಗಿ ಹಾಸಿದ ಕಲ್ಲುರಸ್ತೆಗಳಲ್ಲಿ ಉಳ್ಳವರು ಬಾಯೆಯ ಬಿಸಿನೀರಿನ ಬುಗ್ಗೆಗಳಿಗೆ ಹೋಗುತ್ತಿದ್ದರು. ಹಡಗು ಹತ್ತಿ ಗ್ರೀಸಿನ ಗುಡಿಗಳನ್ನು, ಟ್ರಾಯ್ ನಗರವನ್ನು, ಈಜಿಪ್ತಿನ ಪಿರಮಿಡ್ಡುಗಳನ್ನು ನೋಡಿ ಬರುತ್ತಿದ್ದರು. ಗೈಡುಗಳೂ ಇದ್ದರು. ಡೆಲ್ಫಿಯ ಗೈಡುಗಳು ಸಾಕೆಂದರೂ ನಿಲ್ಲಿಸದೆ ಕಂಠಪಾಠ ಒಪ್ಪಿಸುತ್ತಿದ್ದುದನ್ನು ಪ್ಲುಟಾರ್ಕ್ ಬರೆದಿದ್ದಾನೆ. ಈಜಿಪ್ತಿನಲ್ಲಿ ಮೆಮ್ನಾನ್ ಎಂಬ ದೊಡ್ಡ ವಿಗ್ರಹ ನಸುಕಿನಲ್ಲಿ ದನಿ ಮಾಡುತ್ತಿತ್ತಂತೆ. ಕ್ರಿ.ಶ. 130ರಲ್ಲಿ ಚಕ್ರವರ್ತಿ ಹೇಡ್ರಿಯನ್ ಪತ್ನಿಯೊಡನೆ ಅದನ್ನು ಕೇಳಲು ಹೋಗಿದ್ದ. ಹೀಗೆ ಬಂದವರು ಅದರ ಕಾಲಿನ ಮೇಲೆ ಕೆತ್ತಿದ ಬರಹಗಳು ನೂರಕ್ಕೂ ಮಿಕ್ಕಿವೆ. ನಮ್ಮ ಗುಡಿ, ಗುಂಬಜಗಳ ಮೇಲೆ ಮೊಳೆಯಿಂದ ಹೆಸರು ಗೀರುವವರು ಹೊಸ ಜಾತಿಯವರೇನಲ್ಲ.

ಆದರೆ ನನಗೆ ಹತ್ತಿರದವನೆನಿಸುವುದು ಕಿರಿಯ ಪ್ಲಿನಿ. ಹೆಂಡತಿಯ ಅಜ್ಜನ ಜಮೀನು ನೋಡಲು ಹೋದವನಿಗೆ ಅಲ್ಲಿಯವರು ವಾಡಿಮೋನ್ ಸರೋವರ ತೋರಿಸಿದರು. ಮಲಗಿಸಿದ ಗಾಲಿಯಂತೆ ದುಂಡಗೆ, ಮೇಲೆ ತೇಲುವ ಹುಲ್ಲಿನ ನಡುಗಡ್ಡೆಗಳು. ಮೇಯುತ್ತ ಮೇಯುತ್ತ ಅವುಗಳ ಮೇಲೆ ಕಾಲಿಟ್ಟ ದನಗಳು ನಾಲ್ಕೂ ಕಡೆ ನೀರು ಕಂಡು ಗಾಬರಿಯಾಗುತ್ತಿದ್ದವು. ಇಂಥದು ದೂರದೇಶದಲ್ಲಿದ್ದರೆ ಸಮುದ್ರ ದಾಟಿ ನೋಡುತ್ತಿದ್ದೆವು, ಮಗ್ಗುಲಲ್ಲಿದೆ ಎಂದೇ ಇಷ್ಟು ದಿನ ನೋಡಲಿಲ್ಲ ಎಂದು ಗೆಳೆಯನಿಗೆ ಕಾಗದ ಬರೆದ.

ಈ ಕಾಗದವನ್ನು ಹಾವೇರಿ ಜಿಲ್ಲೆಗೇ ಬರೆದಂತಿದೆ. ನಮ್ಮಲ್ಲಿ ಯಾತ್ರೆಗೆ ಕೊರತೆಯಿಲ್ಲ. ಕಾಗಿನೆಲೆಗೆ, ಕದರಮಂಡಲಗಿಗೆ ಜನ ಹೋಗುತ್ತಾರೆ. ಸೈರ್ ಎಂದರೆ ಮಾತ್ರ ಶಾಲೆಯ ಬಸ್ಸು ಹಂಪಿ, ಜೋಗ, ಗೋಳಗುಮ್ಮಟದ ದಾರಿ ಹಿಡಿಯುತ್ತದೆ. ವರದಾ ತುಂಗಭದ್ರೆಯನ್ನು ಸೇರುವ ಗಳಗನಾಥದಲ್ಲಿ 11ನೇ ಶತಮಾನದ ಗುಡಿಯೊಂದು ಪಿರಮಿಡ್ಡಿನಂತೆ ಮೆಟ್ಟಿಲು ಮೆಟ್ಟಿಲಾಗಿ ಏರುವ ತಳಗಟ್ಟಿನ ಮೇಲೆ ನಿಂತಿದೆ. ರಾಣೇಬೆನ್ನೂರು ತಾಲೂಕಿನ ಚೌಡದಾನಪುರದಲ್ಲಿ, ಹೊಳೆಯ ದಂಡೆಗೇ, ಮುಕ್ತೇಶ್ವರ ಗುಡಿಯೂ ಅದರ ಶಾಸನಗಳೂ ಇವೆ. ಅದೇ ತಾಲೂಕಿನಲ್ಲಿ 1974ರಿಂದ ಕೃಷ್ಣಮೃಗಗಳ ಅಭಯಾರಣ್ಯವಿದೆ. ನಮ್ಮ ಮಕ್ಕಳು ಜಿಂಕೆಯನ್ನು ಮೈಸೂರಿನ ಮೃಗಾಲಯದಲ್ಲಿ ನೋಡಿ ಬರುತ್ತಾರೆ.

1850ರ ದಶಕದಲ್ಲಿ ಪಿಗೌ ಎಂಬ ಇಂಗ್ಲಿಷ್ ವೈದ್ಯ ಭಾರವಾದ ಕ್ಯಾಮೆರಾ ಹೊರಿಸಿಕೊಂಡು ಧಾರವಾಡ ಸೀಮೆಯ ಗುಡಿಗಳ ಚಿತ್ರ ತೆಗೆದ. ಹಾವೇರಿ ಆಗ ಆ ಜಿಲ್ಲೆಯಲ್ಲೇ ಇತ್ತು, ಬೇರೆಯಾದದ್ದು 1997ರಲ್ಲಿ. ಆ ಚಿತ್ರಗಳು 1866ರಲ್ಲಿ ಮೆಡೋಸ್ ಟೇಲರ್‌ನ ಬರಹದೊಂದಿಗೆ ಲಂಡನ್ನಿನಲ್ಲಿ ಪುಸ್ತಕವಾದವು. ಸಮುದ್ರದಾಚೆಯವರು ಕುಳಿತಲ್ಲೇ ನೋಡಿದರು.

ಹಾವೇರಿ ಊರೊಳಗಿನ ಸಿದ್ಧೇಶ್ವರ ಗುಡಿಯ ಮುಖ ಪಡುವಣಕ್ಕಿದೆ, ಇದು ಅಪರೂಪ. ನೋಡಹೋಗುವವರು ಸಂಜೆ ಹೋಗಬೇಕು. ಇಳಿಬಿಸಿಲು ನೇರವಾಗಿ ಬಾಗಿಲಿಗೆ ಬೀಳುತ್ತದೆ.