ಪೆಟ್ರೋಲ್‌ನಲ್ಲಿ ಶೇ 20 ಎಥನಾಲ್: ನಿಯಮ ಏನು? ಮೈಲೇಜ್ ಎಷ್ಟು ಕಡಿಮೆಯಾಗುತ್ತೆ? ಮಳೆಗಾಲದಲ್ಲಿ ಏನು ಎಚ್ಚರ?

"ಮೊದಲಿನಷ್ಟು ಮೈಲೇಜ್ ಬರ್ತಿಲ್ಲ, ಬಂಕ್‌ನವರೇ ಏನೋ ಕಲಬೆರಕೆ ಮಾಡ್ತಿದಾರೆ" ಎಂಬ ಮಾತು ಗ್ಯಾರೇಜುಗಳಲ್ಲಿ, ಚಹಾ ಅಂಗಡಿಗಳಲ್ಲಿ ಈಗ ಸಾಮಾನ್ಯ. ಪೆಟ್ರೋಲ್‌ಗೆ ಬೇರೊಂದು ಇಂಧನ ಬೆರೆಯುತ್ತಿರುವುದು ನಿಜ. ಆದರೆ ಬೆರೆಸುತ್ತಿರುವುದು ಬಂಕ್‌ನವರಲ್ಲ, ಅದು ಕಲಬೆರಕೆಯೂ ಅಲ್ಲ. ಸರ್ಕಾರದ ನಿಯಮದಂತೆ ತೈಲ ಕಂಪನಿಗಳೇ ಡಿಪೊದಲ್ಲಿ ಎಥನಾಲ್ ಸೇರಿಸಿ ಟ್ಯಾಂಕರ್ ಕಳಿಸುತ್ತವೆ. ನಮ್ಮ ಬಂಕ್‌ಗಳಲ್ಲಿ ಸಿಗುವ ಸಾದಾ ಪೆಟ್ರೋಲ್ ಈಗ 'ಇ20', ಅಂದರೆ ನೂರು ಲೀಟರಿನಲ್ಲಿ ಸುಮಾರು 20 ಲೀಟರ್ ಎಥನಾಲ್.

ಇದು ನಿನ್ನೆ ಮೊನ್ನೆ ಶುರುವಾದದ್ದಲ್ಲ. 2003ರಲ್ಲೇ ಕೇಂದ್ರ ಸರ್ಕಾರ ಒಂಬತ್ತು ರಾಜ್ಯಗಳಲ್ಲಿ ಶೇ 5ರಷ್ಟು ಬೆರೆಸಲು ಆರಂಭಿಸಿತ್ತು, ಅದರಲ್ಲಿ ಕರ್ನಾಟಕವೂ ಒಂದು. ಆಮೇಲೆ ವರ್ಷಗಟ್ಟಲೆ ಕುಂಟುತ್ತಾ ಸಾಗಿತು. 2018ರ ಜೈವಿಕ ಇಂಧನ ನೀತಿ ಬಂದ ಮೇಲೆ ವೇಗ ಹೆಚ್ಚಿತು. ಶೇ 20ರ ಗುರಿ ಮೊದಲು 2030ಕ್ಕಿತ್ತು, ಅದನ್ನು 2025-26ಕ್ಕೆ ಹಿಂದಕ್ಕೆ ತಂದರು. 2022ರ ಜೂನ್‌ನಲ್ಲಿ ಶೇ 10 ಮುಟ್ಟಿತು. 2023ರ ಫೆಬ್ರವರಿ 6ರಂದು ಬೆಂಗಳೂರಿನ ಇಂಧನ ಸಮಾವೇಶದಲ್ಲೇ ಪ್ರಧಾನಿ ಇ20 ಮಾರಾಟಕ್ಕೆ ಚಾಲನೆ ಕೊಟ್ಟರು, ಆಗ ದೇಶದಲ್ಲಿ ಸಿಗುತ್ತಿದ್ದದ್ದು 84 ಬಂಕ್‌ಗಳಲ್ಲಿ ಮಾತ್ರ. 2025ರ ಹೊತ್ತಿಗೆ ಎಲ್ಲ ಕಡೆ ಅದೇ ಆಯಿತು.

ನಿಯಮದ ಭಾಷೆ ಗಮನಿಸಬೇಕು. 2021ರ ಅಧಿಸೂಚನೆಯಲ್ಲಿ ಇರುವುದು "ಶೇ 20ರವರೆಗೆ" ಎಂದು. ಆದರೆ ಬಂಕ್‌ಗೆ ಹೋದ ಗಿರಾಕಿಗೆ ಶೇ 10ರದ್ದು ಕೊಡಿ, ಎಥನಾಲ್ ಇಲ್ಲದ್ದು ಕೊಡಿ ಎಂದು ಕೇಳುವ ಆಯ್ಕೆ ಉಳಿದಿಲ್ಲ. ಹಳೇ ಗಾಡಿಗಳಿಗಾಗಿ ಎಥನಾಲ್ ಇಲ್ಲದ ಪೆಟ್ರೋಲನ್ನೂ ಇಡಬೇಕು ಎಂದು ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಎಥನಾಲ್ ವಿಷಯದಲ್ಲಿ ಎಲ್ಲರೂ ಬೆರಳು ಮಾಡಿ ತೋರಿಸುವ ಬ್ರೆಜಿಲ್‌ನಲ್ಲಿ ಮಿಶ್ರಣ ಶೇ 30 ಇದೆ, ನಿಜ. ಆದರೆ ಅಲ್ಲಿನ ಹೆಚ್ಚಿನ ಕಾರುಗಳು ಯಾವ ಪ್ರಮಾಣದ ಮಿಶ್ರಣಕ್ಕೂ ಹೊಂದಿಕೊಳ್ಳುವಂಥವು. ನಮ್ಮೂರಿನ ಹತ್ತು ವರ್ಷದ ಸ್ಪ್ಲೆಂಡರ್‌ಗೆ ಆ ಹೋಲಿಕೆ ಸರಿಹೊಂದುವುದಿಲ್ಲ.

ಮೈಲೇಜ್ ಲೆಕ್ಕ

ಒಂದು ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಹಾಗಾಗಿ ಮೈಲೇಜ್ ಇಳಿಯಲೇಬೇಕು, ಎಷ್ಟು ಎಂಬುದಷ್ಟೇ ಪ್ರಶ್ನೆ. ನೀತಿ ಆಯೋಗದ 2021ರ ವರದಿ ಪ್ರಕಾರ, ಬರೀ ಪೆಟ್ರೋಲ್‌ಗೆ ವಿನ್ಯಾಸ ಮಾಡಿ ಇ10ಗೆ ಹೊಂದಿಸಿದ ಕಾರುಗಳಲ್ಲಿ ಶೇ 6-7, ಬೈಕ್‌ಗಳಲ್ಲಿ ಶೇ 3-4 ಇಳಿಕೆ. ಇ10ಗೇ ವಿನ್ಯಾಸ ಮಾಡಿ ಇ20ಗೆ ಹೊಂದಿಸಿದ ಕಾರುಗಳಲ್ಲಿ ಶೇ 1-2 ಮಾತ್ರ.

ನಮ್ಮ ಲೆಕ್ಕಕ್ಕೆ ತಂದರೆ: ಲೀಟರಿಗೆ 50 ಕಿ.ಮೀ. ಕೊಡುತ್ತಿದ್ದ ಬೈಕ್ 48ರ ಆಸುಪಾಸಿಗೆ ಬರಬಹುದು. ತಿಂಗಳಿಗೆ 30 ಲೀಟರ್ ಹಾಕಿಸುವ ಹಾಲಿನವರಿಗೆ, ಲೈನ್ ಸೇಲ್ ಮಾಡುವ ವ್ಯಾಪಾರಿಗೆ ಒಂದು ಲೀಟರ್ ಹೆಚ್ಚುವರಿ ಖರ್ಚು, ಅಂದರೆ ನೂರು ರೂಪಾಯಿ ಮೇಲೆ. 50 ಕೊಡುತ್ತಿದ್ದದ್ದು 35ಕ್ಕೆ ಬಂದಿದ್ದರೆ ಮಾತ್ರ ಅದಕ್ಕೆ ಎಥನಾಲ್ ಕಾರಣವಲ್ಲ. ಕಾರ್ಬುರೇಟರ್, ಏರ್ ಫಿಲ್ಟರ್, ಟೈರ್ ಗಾಳಿ ಒಮ್ಮೆ ತೋರಿಸಿಕೊಳ್ಳುವುದು ಒಳ್ಳೆಯದು.

ಮೈಲೇಜ್ ಇಳಿದಷ್ಟು ರೇಟೂ ಇಳೀಬೇಕಲ್ವಾ? ನ್ಯಾಯವಾದ ಪ್ರಶ್ನೆ. ಎಥನಾಲ್ ಅಗ್ಗ, ಗ್ರಾಹಕರಿಗೆ ರಿಯಾಯಿತಿ ಕೊಡಬಹುದು ಎಂಬ ಮಾತು ನೀತಿ ಆಯೋಗದ ವರದಿಯಲ್ಲೂ ಇತ್ತು. ಈಗ ಲೆಕ್ಕ ತಿರುಗಿದೆ. 2025ರ ಜುಲೈ ಕೊನೆಗೆ ತೈಲ ಕಂಪನಿಗಳಿಗೆ ಎಥನಾಲ್ ಸರಾಸರಿ ಲೀಟರಿಗೆ 71.32 ರೂ. ಬೀಳುತ್ತಿತ್ತು (ಸಾಗಣೆ, ಜಿಎಸ್‌ಟಿ ಸೇರಿ), ತೆರಿಗೆ ಸೇರದ ಪೆಟ್ರೋಲ್‌ಗಿಂತ ಇದೇ ದುಬಾರಿ ಎನ್ನುತ್ತದೆ ಸಚಿವಾಲಯ. ಹತ್ತು ವರ್ಷದಲ್ಲಿ 1.44 ಲಕ್ಷ ಕೋಟಿ ರೂ. ವಿದೇಶಿ ವಿನಿಮಯ ಉಳಿದಿದೆ ಎಂಬ ಲೆಕ್ಕವನ್ನೂ ಸರ್ಕಾರ ಕೊಡುತ್ತದೆ. ಆ ಉಳಿತಾಯ ದೇಶದ್ದು; ಬೈಕ್ ಸವಾರನ ಜೇಬಿಗೆ ಅದರಲ್ಲಿ ಏನೂ ಬಂದಿಲ್ಲ.

ಹಣ ರೈತರಿಗೆ ಸಿಗ್ತಿದೆಯಾ?

ಸ್ವಲ್ಪ ಮಟ್ಟಿಗೆ ಹೌದು. 2024-25ರ ಸಾಲಿಗೆ ಕಬ್ಬಿನ ಹಾಲಿನಿಂದ ತಯಾರಿಸಿದ ಎಥನಾಲ್‌ಗೆ ಲೀಟರಿಗೆ 65.61 ರೂ., ಕೊನೆಯ ಹಂತದ ಕಾಕಂಬಿಯದ್ದಕ್ಕೆ 57.97 ರೂ., ಮೆಕ್ಕೆಜೋಳದ್ದಕ್ಕೆ 71.86 ರೂ. ನಿಗದಿಯಾಗಿತ್ತು. ಸಕ್ಕರೆ ಮಾರಾಟವಾಗುವವರೆಗೆ ಕಾಯದೆ ಕಾರ್ಖಾನೆಗೆ ಬೇಗ ದುಡ್ಡು ಬರುವುದರಿಂದ ಬಾಕಿ ಬಿಲ್ ಪಾವತಿಗೆ ಅನುಕೂಲ. ಆದರೆ ಕಾರ್ಖಾನೆಗೆ ಬಂದದ್ದೆಲ್ಲ ಹೊಲದವರೆಗೆ ಬರುತ್ತದೆ ಎಂಬ ಖಾತ್ರಿ ಇಲ್ಲ. 2025ರ ನವೆಂಬರ್‌ನಲ್ಲಿ ಟನ್ನಿಗೆ 3,500 ರೂ. ಕೇಳಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ಕೂತದ್ದು, 3,300ಕ್ಕೆ ಅದು ಮುಗಿದದ್ದು ಎಲ್ಲರಿಗೂ ಗೊತ್ತು. ಅದೇ ತಿಂಗಳು ಮೆಕ್ಕೆಜೋಳ 2,400 ರೂ. ಬೆಂಬಲ ಬೆಲೆಗಿಂತ ಕೆಳಗೆ ಬಿದ್ದು ಹಾವೇರಿ, ಗದಗ ಕಡೆಯ ರೈತರೂ ಬೀದಿಗಿಳಿದರು. ನೀರಿನ ಲೆಕ್ಕ ಬೇರೆ: ಕಬ್ಬಿನಿಂದ ಒಂದು ಲೀಟರ್ ಎಥನಾಲ್ ಬರಬೇಕಾದರೆ 2,860 ಲೀಟರ್ ನೀರು ಬೇಕು ಎನ್ನುತ್ತದೆ ಅದೇ ನೀತಿ ಆಯೋಗದ ವರದಿ.

ನಿಜವಾದ ಶತ್ರು ನೀರು

ಮೈಲೇಜ್‌ಗಿಂತ ಹೆಚ್ಚು ಎಚ್ಚರ ಬೇಕಿರುವುದು ಇಲ್ಲಿ. ಹಿಂದೆ ಟ್ಯಾಂಕಿಗೆ ಸ್ವಲ್ಪ ನೀರು ಸೇರಿದರೆ ಅದು ತಳದಲ್ಲಿ ಬೇರೆಯಾಗಿ ನಿಲ್ಲುತ್ತಿತ್ತು. ಎಥನಾಲ್ ಹಾಗಲ್ಲ, ಅದು ನೀರನ್ನು ಎಳೆದುಕೊಳ್ಳುತ್ತದೆ. ಒಂದು ಮಿತಿ ದಾಟಿತೆಂದರೆ ನೀರೂ ಎಥನಾಲೂ ಒಟ್ಟಾಗಿ ಕೆಳಗಿಳಿದು, ಪೆಟ್ರೋಲ್ ಮೇಲೆ ಉಳಿಯುತ್ತದೆ. ಇಂಜಿನ್‌ಗೆ ಪೈಪ್ ಹೋಗುವುದು ತಳದಿಂದ. ಗಾಡಿ ಅಲ್ಲೇ ನಿಲ್ಲುತ್ತದೆ.

ಹಾಗಾಗಿ ಮಳೆಗಾಲದಲ್ಲಿ ಟ್ಯಾಂಕ್ ಮುಚ್ಚಳದ ರಬ್ಬರ್ ಸರಿ ಇದೆಯೇ ನೋಡಿಸಿ. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯಲ್ಲಿ ಅರ್ಧ ಟ್ಯಾಂಕ್ ಬಿಟ್ಟರೆ ಒಳಗಿನ ತೇವ ಎಳೆದುಕೊಳ್ಳುತ್ತದೆ. ಪಂಪ್‌ಸೆಟ್, ಔಷಧಿ ಹೊಡೆಯುವ ಪವರ್ ಸ್ಪ್ರೇಯರ್‌ನಲ್ಲಿ ಉಳಿದದ್ದನ್ನು ಕೆಲಸ ಮುಗಿದ ಮೇಲೆ ಖಾಲಿ ಮಾಡಿಡುವುದೇ ಲೇಸು. ಹಳ್ಳಿ ಅಂಗಡಿಗಳಲ್ಲಿ ಬಾಟಲಿಯಲ್ಲಿ ತುಂಬಿಟ್ಟು ಮಾರುವ ಪೆಟ್ರೋಲ್ ವಿಷಯ ಹೇಳಲೇಬೇಕು: ಪರವಾನಗಿ ಇಲ್ಲದೆ ಮಾರುವುದು ಮೊದಲೇ ಕಾನೂನುಬಾಹಿರ, ಬೆಂಕಿ ಅಪಾಯ ಇದ್ದೇ ಇದೆ. ಈಗ ಸಡಿಲ ಬಿರಡೆಯ ಬಾಟಲಿಗೆ ತೇವ ಸೇರಿದರೆ ಕೊಂಡವರ ಗಾಡಿಯೂ ಕೆಡುತ್ತದೆ, ಜಗಳ ಅಂಗಡಿ ಬಾಗಿಲಿಗೇ ಬರುತ್ತದೆ.

ಹಳೇ ಗಾಡಿಗಳಲ್ಲಿ 20ರಿಂದ 30 ಸಾವಿರ ಕಿ.ಮೀ. ಓಡಿದ ಮೇಲೆ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಾಯಿಸಬೇಕಾಗಬಹುದು ಎಂದು ಸಚಿವಾಲಯವೇ ಒಪ್ಪಿದೆ. ಸರ್ವೀಸ್‌ಗೆ ಬಿಟ್ಟಾಗ ಪೆಟ್ರೋಲ್ ಪೈಪ್ ನೋಡಿ ಅಂತ ಮೆಕ್ಯಾನಿಕ್‌ಗೆ ಹೇಳಿ. ಇ20 ಹಾಕಿಸಿದ್ದಕ್ಕೆ ಇನ್ಶೂರೆನ್ಸ್ ರದ್ದಾಗುತ್ತದೆ ಎಂಬ ವಾಟ್ಸ್‌ಆ್ಯಪ್ ಸುದ್ದಿ ಸುಳ್ಳು. ನಿಮ್ಮ ಗಾಡಿ ಇ20ಗೆ ಆಗುತ್ತದೆಯೇ ಎಂಬುದು ಮಾಲೀಕರ ಕೈಪಿಡಿಯಲ್ಲಿ ಇಲ್ಲವೇ ಟ್ಯಾಂಕ್ ಮುಚ್ಚಳದ ಬಳಿಯ ಸ್ಟಿಕ್ಕರ್‌ನಲ್ಲಿ ಇರುತ್ತದೆ.

ಬಂಕ್‌ನಲ್ಲೇ ಅನುಮಾನ ಬಂದರೆ ಸುಮ್ಮನೆ ಬರಬೇಡಿ. ಫಿಲ್ಟರ್ ಪೇಪರ್ ಕೇಳಿ ಒಂದು ಹನಿ ಹಾಕಿ ನೋಡಬಹುದು, ಆರಿದ ಮೇಲೆ ಕಲೆ ಉಳಿಯಬಾರದು. ಆ ದಿನದ ಸಾಂದ್ರತೆ ಎಷ್ಟು ಎಂದು ಕೇಳಬಹುದು. ಅಳತೆ ಬಗ್ಗೆ ಸಂಶಯವಿದ್ದರೆ ಮುದ್ರೆ ಹಾಕಿದ ಐದು ಲೀಟರ್ ಮಾಪಕದಲ್ಲಿ ಹಿಡಿದು ತೋರಿಸಿ ಎನ್ನುವ ಹಕ್ಕೂ ಗಿರಾಕಿಗೆ ಇದೆ. ಅವರು ಒಪ್ಪದಿದ್ದರೆ ಬಿಲ್ ಇಟ್ಟುಕೊಂಡು, ಅಳತೆಯ ದೂರನ್ನು ಕಾನೂನು ಮಾಪನಶಾಸ್ತ್ರ ಇಲಾಖೆಗೆ, ಗುಣಮಟ್ಟದ ದೂರನ್ನು ಬಂಕ್‌ನ ಬೋರ್ಡಿನಲ್ಲಿರುವ ಕಂಪನಿಯ ಮಾರಾಟ ಅಧಿಕಾರಿಯ ನಂಬರಿಗೆ ಕೊಡಬಹುದು.